ಅಜ್ಜನ ಗೊರಬೆ, ಮುದುಕನ ಕಂಬಳಿ

ಮಳೆಗೆ ಏನು ಹೊದೆಯಬೇಕೆಂದು ನಮ್ಮ ಗಡಿನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಂಜೇಶ್ವರದ ಕಡೆಯ ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಗೊರಬೆಯೊಂದು ಬಹುಕಾಲ ಇತ್ತು. ಬಗ್ಗಿ ನೇಜಿ ನೆಡುವವರಿಗೆ ಹೇಳಿ ಮಾಡಿಸಿದ್ದು ಅದು. ಆದರೆ ಮಳೆಗಾಲದ ಬೇಟೆಗೆ ಅಜ್ಜ ಕಂಬಳಿಯ ಕೊಪ್ಪೆಯನ್ನೇ ಹಾಕುತ್ತಿದ್ದರಂತೆ. "ಗೊರಬೆ ಬಳ್ಳಿಗೆ ಸಿಕ್ಕೀತು, ಹನಿ ಬಿದ್ದರೆ ಸದ್ದು ಮಾಡೀತು. ಕಂಬಳಿ ಮೂಕ" ಎನ್ನುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಕೋವಿ ಗೋಡೆಗೇರಿತು. ನನಗೆ ಉಳಿದದ್ದು ಕತೆ ಮಾತ್ರ.

ಬ್ಯಾಂಕಿನ ಗುಮಾಸ್ತಿಕೆ ನನ್ನನ್ನು ಮೊದಲು ಇಚಲಕರಂಜಿಗೆ, ಆಮೇಲೆ ಗಡಹಿಂಗ್ಲಜಕ್ಕೆ ಒಯ್ದಿತು. ಕಾಡು ಸುತ್ತುವ ಹುಚ್ಚು ಅಜ್ಜನಿಂದ ಬಂದದ್ದಿರಬೇಕು. ಕೊಲ್ಹಾಪುರದ ಮಹಾರಾಜರು ಬೇಟೆಯಾಡುತ್ತಿದ್ದ ದಾಜಿಪುರದ ಕಾಡು 1958ರಲ್ಲಿ ಕಾಡುಕೋಣಗಳ ಅಭಯಾರಣ್ಯವಾಗಿದೆ. ಆ ಸೀಮೆಯಲ್ಲಿ ತಿರುಗಾಡಲೆಂದು ಕೊಲ್ಹಾಪುರದಲ್ಲಿ ದುಬಾರಿ ರೇನ್‌ಕೋಟೊಂದನ್ನು ಕೊಂಡೆ. ಇಚಲಕರಂಜಿಯ ಮಗ್ಗದ ಗೆಳೆಯರೊಬ್ಬರು ಅದನ್ನು ತಿರುವಿ ನೋಡಿ, "ಬಟ್ಟೆ ಸೋರುವುದಿಲ್ಲ ಸಾಹೇಬರೇ, ಸೂಜಿಯ ತೂತು ಸೋರುತ್ತದೆ. ಹೊಲಿಗೆಯ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿಲ್ಲ" ಎಂದರು. ನಾನು ನಕ್ಕೆ.

2019ರ ಆಗಸ್ಟ್. ಪಂಚಗಂಗೆ ಉಕ್ಕಿ ಕೊಲ್ಹಾಪುರದ ಹೆದ್ದಾರಿಯೇ ಮುಚ್ಚಿದ ದಿನಗಳು. ಆಜರಾ ಕಡೆಯ ರಸ್ತೆಯಲ್ಲಿ ನನ್ನ ಬೈಕು ನಿಂತಿತು. ಭುಜದ ಹೊಲಿಗೆಯಿಂದ ನೀರು ಇಳಿಯಿತು, ಒಳಗಿನ ಬೆವರು ಹೊರಗೆ ಹೋಗಲೊಲ್ಲದು. ಹಲ್ಲು ಕಟಕಟ. ಮುರುಕು ತಂಗುದಾಣದಲ್ಲಿದ್ದ ಧನಗರ ಮುದುಕರೊಬ್ಬರು ಮಾತಿಲ್ಲದೆ ತಮ್ಮ ಕಂಬಳಿಯ ಅರ್ಧವನ್ನು ನನಗೆ ಹೊದಿಸಿದರು.

ಕುರಿಯ ವಾಸನೆ, ಮಣಭಾರ. ಆದರೂ ಬೆಚ್ಚಗಿತ್ತು. ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿಯಾಗಿ ನೇದ ದಖ್ಖನಿ ಕುರಿಯ ಉಣ್ಣೆ ಅದು. ಹನಿ ಬಹಳ ಹೊತ್ತು ಮೇಲೆಯೇ ಜಾರುತ್ತದೆ. ನೆನೆದ ಮೇಲೂ ಮೈಯ ಕಾವನ್ನು ಬಿಟ್ಟುಕೊಡುವುದಿಲ್ಲ.

ಸ್ವಲ್ಪ ಹೊತ್ತಿನ ಬಳಿಕ ಮುದುಕರು ಮರಾಠಿ ಬೆರೆತ ಕನ್ನಡದಲ್ಲಿ, "ನೀವು ಬ್ಯಾಂಕಿನವರಲ್ಲೇನ್ರಿ?" ಎಂದರು. ಹೌದೆಂದೆ. "ಎರಡು ಸಲ ಬಂದಿದ್ದೆ. ಸಹಿ ಕೂಡವಲ್ದು ಅಂತ ಕಳಿಸಿದ್ರಿ." ದೂರಿನ ದನಿಯಲ್ಲ, ಗುರುತಿನ ದನಿ. ನನಗೋ ಅವರ ಮುಖದ ನೆನಪೇ ಇರಲಿಲ್ಲ. ಕಂಬಳಿಯೊಳಗೆ ನನಗೆ ಬೆವರು ಬಂದದ್ದು ಆಗಲೇ.

ನೀರಿಳಿದ ಮೇಲೆ ಅವರು ಬಂದರು. ಹೊಸ ಸಹಿಯ ಅರ್ಜಿಯನ್ನು ನಾನೇ ತುಂಬಿದೆ. ಐದು ನಿಮಿಷದ ಕೆಲಸ. ಅದಕ್ಕಾಗಿ ಅವರು ಮೂರು ಸಲ ಬಸ್ಸು ಹತ್ತಿದ್ದರು.

ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಕೋಟು ಕೊಳ್ಳುವಾಗ ಒಳಮಗ್ಗುಲು ತಿರುವಿ ಹೊಲಿಗೆ ನೋಡಿ, ಬೆವರಿಗೆ ದಾರಿಯಿದೆಯೇ ನೋಡಿ, ಉಜ್ಜಿದರೆ ಸದ್ದು ಮಾಡುತ್ತದೆಯೇ ಕೇಳಿ. ಮನೆಯಲ್ಲೊಂದು ಕಂಬಳಿಯೂ ಇರಲಿ. ನನ್ನದು ಇಬ್ಬರಿಗಾಗುವಷ್ಟು ಅಗಲದ್ದು.