ಕಸಿಯ ಬಳ್ಳಿ

ಮದ್ಯವನ್ನು ಮುಟ್ಟದ ನಾನು ಅದರ ಕಥೆಯನ್ನು ಹೇಳಹೊರಟರೆ ವಾಚಕರು ನಗಬಹುದು. ಆದರೂ ಪೋರ್ಚುಗಲ್ ದೇಶದ ಡೌರೊ ಕಣಿವೆಯ ಫೆರೇರಾ ಮನೆತನದ ವೃತ್ತಾಂತವು ನನ್ನ ಮನಸ್ಸನ್ನು ಬಿಟ್ಟಗಲದು. 1751ರಿಂದ 1987ರವರೆಗೆ ಅವರ ಕೈಯಲ್ಲಿದ್ದ ಉದ್ಯಮವು ಪೋರ್ಟ್ ಎಂಬ ಪಾನದ್ದು. ಹುದುಗೇಳುತ್ತಿರುವ ದ್ರಾಕ್ಷಾರಸಕ್ಕೆ ದ್ರಾಕ್ಷಿಯ ಸಾರಾಯಿಯನ್ನೇ ಬೆರೆಸಿ, ಸಿಹಿಯೆಲ್ಲ ಅಳಿಯುವ ಮೊದಲೇ ಹುದುಗನ್ನು ನಿಲ್ಲಿಸುವುದು ಅದರ ಕ್ರಮ. 1844ರಲ್ಲಿ ಪತಿಯನ್ನು ಕಳೆದುಕೊಂಡ ಅಂತೋನಿಯಾ ಎಂಬಾಕೆಯು ಕಲ್ಲುಗುಡ್ಡಗಳಲ್ಲಿ ಹೊಸ ತೋಟಗಳನ್ನೆಬ್ಬಿಸಿದಳು. ಮುಂದೆ ಅಮೇರಿಕದಿಂದ ಬಂದ ಫಿಲಾಕ್ಸೆರಾ ಎಂಬ ಕೀಟವು ಬೇರುಗಳನ್ನು ತಿಂದು ಕಣಿವೆಯನ್ನು ಹಾಳುಗೆಡಹಿತು. ಅಮೇರಿಕದ ಬೇರಿಗೇ ತಮ್ಮ ಬಳ್ಳಿಯನ್ನು ಕಸಿಮಾಡಿದ ಮೇಲೆ ತೋಟಗಳು ಮತ್ತೆ ಚಿಗುರಿದುವು. ಪಾಠಶಾಲೆಯಲ್ಲಿ ಓದಿದ ನಾನು ಪರವಿದ್ಯೆಯನ್ನು ಹಗೆಯೆಂದೆಣಿಸಿ, ಮಗನು ಅದನ್ನರಸಿ ಹೊರಟಾಗ ಕಟುವಾಗಿ ನುಡಿದೆನು. ಬೇರು ಪರರದಾದರೂ ಹಣ್ಣು ತಮ್ಮದೇ ಆಗುವುದೆಂದು ಅಂದೇ ತಿಳಿದಿದ್ದರೆ, ಅವನ ಕಾಗದಗಳು ಇಂದಿಗೂ ಬರುತ್ತಿದ್ದುವೇನೋ.