ಹಳಿ ಬದಲಾಗುವಲ್ಲಿ ಹೆಗಲು

ಮಂಗಳೂರಿನ ಹಂಪನಕಟ್ಟೆಯ ಬಸ್ಸುಗಳ ಹಾರ್ನ್ ಮೇಲೆಯೇ ಉಳಿಯುತ್ತದೆ. ಇಳಿಜಾರು ಇಳಿದು ರೈಲ್ವೆ ಯಾರ್ಡಿಗೆ ಕಾಲಿಟ್ಟರೆ ಡೀಸೆಲ್ ಹೊಗೆ, ಒದ್ದೆ ಗೋಣಿ, ಕೊಳೆಯತೊಡಗಿದ ಆಲೂಗಡ್ಡೆ, ಮೂರೂ ಒಟ್ಟಿಗೆ ಮೂಗಿಗೆ ಅಡರುತ್ತವೆ. 1980ರ ದಶಕದ ಒಂದು ಸೆಪ್ಟೆಂಬರ್ ಸಂಜೆ ಎಂದುಕೊಳ್ಳಿ. ನೀವು ಮೂಟೆ ಹೊರುವವರು.

ಎಡಕ್ಕೆ ಹಾಸನದಿಂದ ಬಂದ ಮೀಟರ್‌ಗೇಜ್ ವ್ಯಾಗನ್. ಸಕಲೇಶಪುರ ದಾಟಿ, ಘಟ್ಟದ 57 ಸುರಂಗಗಳನ್ನು ಹಾದು ಇಳಿದಿದೆ. ಬಲಕ್ಕೆ ಕೇರಳದ ಕಡೆ ಹೊರಡಬೇಕಾದ ಬ್ರಾಡ್‌ಗೇಜ್ ವ್ಯಾಗನ್. ಆ ಹಳಿ 1907ರಿಂದಲೂ ಇಲ್ಲಿದೆ. ಹಾಸನದ ಹಳಿ ಬಂದದ್ದು 1979ರಲ್ಲಿ. ಬ್ರಾಡ್‌ಗೇಜಿನ ಅಗಲ 1,676 ಮಿಲಿಮೀಟರ್, ಮೀಟರ್‌ಗೇಜಿನದು 1,000. ಇದರ ಗಾಲಿ ಅದರ ಮೇಲೆ ಉರುಳುವುದಿಲ್ಲ. ಉರುಳದ್ದನ್ನು ಹೊರಬೇಕು.

ತಲೆಗೆ ಸುತ್ತಿದ ಬೈರಾಸು ಸರಿಮಾಡಿಕೊಳ್ಳುತ್ತೀರಿ. ಇಬ್ಬರು ಎತ್ತಿ ಮೂಟೆಯನ್ನು ಬೆನ್ನಿಗೆ ಕೂರಿಸುತ್ತಾರೆ. ಗೋಣಿಯ ನಾರು ಕುತ್ತಿಗೆ ತರಚುತ್ತದೆ, ಬೆವರು ತಾಗಿ ಉರಿಯುತ್ತದೆ. ಎರಡು ಬಾಗಿಲುಗಳ ನಡುವೆ ಒಂದೇ ಹಲಗೆ. ಬ್ರಾಡ್‌ಗೇಜಿನ ನೆಲ ಎತ್ತರ, ಹಾಗಾಗಿ ಹಲಗೆ ಏರುತ್ತಾ ಹೋಗುತ್ತದೆ. ನಡುವಿಗೆ ಬಂದಾಗ ಅದು ಬಾಗುತ್ತದೆ. ನಿಮ್ಮ ಮೊಣಕಾಲೂ ಬಾಗುತ್ತದೆ.

ಅಷ್ಟರಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತದೆ.

"ಬೇಗ ಬನ್ನಿ ಮಾರಾಯ್ರೇ!" ಮೇಸ್ತ್ರಿ ಕೂಗುತ್ತಾರೆ. ಅವರ ಲೆಕ್ಕ ನಿಮಗೂ ಗೊತ್ತು. ಕೆಲಸ ನಿಲ್ಲಿಸಿದರೆ ವ್ಯಾಗನ್ ಖಾಲಿಯಾಗದೆ ತಡವಾದದ್ದಕ್ಕೆ ರೈಲ್ವೆಗೆ ಕಟ್ಟಬೇಕಾದ ಡೆಮರೇಜ್ ಏರುತ್ತದೆ, ಬಾಗಿಲು ಮುಚ್ಚಿಟ್ಟರೆ ಒಳಗಿನ ಸೆಕೆಗೆ ಮಾಲು ಬೇಯುತ್ತದೆ. ನಡೆಸಿದರೆ ನೆನೆಯುತ್ತದೆ, ನೆನೆದ ಒಂದು ಮೂಟೆ ಪಕ್ಕದ ನಾಲ್ಕನ್ನು ಕೆಡಿಸುತ್ತದೆ. ಅವರು ನಡೆಸಲು ಹೇಳುತ್ತಾರೆ.

ಹಲಗೆ ಈಗ ಜಾರುತ್ತಿದೆ. ಬಲಗಾಲು ಇಡುತ್ತೀರಿ. ಹಿಮ್ಮಡಿ ಸರಿಯುತ್ತದೆ. ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಕೆಳಗೆ ಜಲ್ಲಿಕಲ್ಲು, ಕೆಸರು, ಹಳಿಯ ಅಂಚು. ಮೂಟೆ ಬಿಟ್ಟರೆ ಸೊಂಟ ಉಳಿಯುತ್ತದೆ, ಮಾಲು ಹೋಗುತ್ತದೆ. ಹಿಡಿದರೆ ಎರಡೂ ಹೋಗಬಹುದು. ಹಿಡಿಯುತ್ತೀರಿ. ಕಾಲ್ಬೆರಳುಗಳು ಮರವನ್ನು ಕಚ್ಚುತ್ತವೆ. ಒಂದು ಹೆಜ್ಜೆ. ಇನ್ನೊಂದು. ಎದುರಿನ ಕೈಗಳು ಗೋಣಿಯ ಕಿವಿ ಹಿಡಿದು ಎಳೆದುಕೊಳ್ಳುತ್ತವೆ. ಬೆನ್ನು ಒಮ್ಮೆಲೇ ಹಗುರಾಗಿ, ನೀವೇ ಮುಗ್ಗರಿಸುತ್ತೀರಿ.

ಮುಂದೆ, 1996ರಲ್ಲಿ ಹಾಸನದ ಮೀಟರ್‌ಗೇಜ್ ಗಾಡಿಗಳು ನಿಲ್ಲುತ್ತವೆ. 2006ರಲ್ಲಿ ಗೂಡ್ಸ್ ಗಾಡಿ ಬ್ರಾಡ್‌ಗೇಜಿನಲ್ಲೇ ಘಟ್ಟ ಇಳಿಯುತ್ತದೆ, ಈ ಹಲಗೆಗೆ ಕೆಲಸವಿರುವುದಿಲ್ಲ, ಈ ಕೂಲಿಯೂ ಇರುವುದಿಲ್ಲ. ಆದರೆ ಈ ಸಂಜೆ ನಿಮಗೆ ಗೊತ್ತಿರುವುದು ಇಷ್ಟೆ: ಎಡಗಡೆಯ ವ್ಯಾಗನ್ನಿನಲ್ಲಿ ಇನ್ನೂ ಅರ್ಧ ಮಾಲು ಬಾಕಿ ಇದೆ, ಮತ್ತು ಮಳೆ ಬಿಡುವ ಲಕ್ಷಣವಿಲ್ಲ.