ಮೈಲಾರಕ್ಕೆ ಬಂಡಿ ಹೂಡಿದವರು

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯ ಸೀಮೆ ಭದ್ರಾ ನಾಲೆಯ ಅಚ್ಚುಕಟ್ಟು. ನಾಲೆಗೆ ನೀರು ಬಂತೆಂದರೆ ಇಲ್ಲಿನ ರೈತನಿಗೆ ಬಿಡುವೆಂಬುದಿಲ್ಲ. ಬೇಸಿಗೆ ಭತ್ತದ ನಾಟಿ, ಗೊಬ್ಬರ, ಕಳೆ, ಸರದಿಯ ನೀರಿಗಾಗಿ ರಾತ್ರಿ ಕಾವಲು, ಹೀಗೆ ಒಂದರ ಬೆನ್ನಿಗೊಂದು ಕೆಲಸ. ಆದರೂ ಮಾಘ ಮಾಸದ ಭಾರತ ಹುಣ್ಣಿಮೆ ಹತ್ತಿರವಾದಂತೆ ಈ ಭಾಗದ ಹಳ್ಳಿಗಳಲ್ಲಿ ಮಾತು ಗದ್ದೆ ಬಿಟ್ಟು ಬಂಡಿಯ ಕಡೆ ಹೊರಳುತ್ತದೆ. ಎತ್ತಿಗೆ ಲಾಳ ಹೊಡೆಸಿದ್ದಾಯಿತೇ? ಗಾಲಿಯ ಹಳಿ ಸಡಿಲಾಗಿದೆಯಲ್ಲ, ಬಡಿಗ ಯಾವಾಗ ಬರುತ್ತಾನೆ? ಈ ವರ್ಷ ಯಾರ ಬಂಡಿ ಮುಂದೆ?

ಹೊರಡುವುದು ಮೈಲಾರಕ್ಕೆ. ತುಂಗಭದ್ರೆಯ ದಂಡೆಯ ಈ ಊರು ಹೂವಿನಹಡಗಲಿ ತಾಲ್ಲೂಕಿಗೆ ಸೇರಿದ್ದು. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಮಣಿಕಾಸುರ, ಮಲ್ಲಾಸುರರನ್ನು ಕೊಂದ ಮೈಲಾರಲಿಂಗ ಇಲ್ಲಿಯ ದೈವ. ಅವನ ದಂಡು ಏಳು ಕೋಟಿಯದೆಂದು ನಂಬಿಕೆ. ಅದಕ್ಕೇ ಭಕ್ತರ ಬಾಯಲ್ಲಿ ದಾರಿಯುದ್ದಕ್ಕೂ ‘ಏಳು ಕೋಟಿ’ಯ ಘೋಷ. ಜಾತ್ರೆಗೆ ಸೇರುವವರು ಲಕ್ಷಗಟ್ಟಲೆ. ದಾವಣಗೆರೆ, ಹಾವೇರಿ, ಶಿವಮೊಗ್ಗ, ಬಳ್ಳಾರಿ ಸೀಮೆಗಳಿಂದ ಬರುವ ಈ ಜನರಲ್ಲಿ ಬಹುಮಂದಿ ಬರಿ ಕೈಯಲ್ಲಿ ಬರುವವರಲ್ಲ. ಮನೆಯನ್ನೇ ಗಾಲಿಯ ಮೇಲೆ ಹೇರಿಕೊಂಡು ಬರುವವರು. ಸಾವಿರಾರು ಬಂಡಿಗಳು, ಅವುಗಳ ಎರಡರಷ್ಟು ಎತ್ತುಗಳು, ಬಂಡಿಗೊಂದು ಒಲೆ. ಇಷ್ಟು ದೊಡ್ಡ ಬಿಡಾರವನ್ನು ನಡೆಸುವವರು ಯಾರು ಎಂದು ಕೇಳಿದರೆ ಒಬ್ಬರ ಹೆಸರು ಹೇಳಲು ಬರುವುದಿಲ್ಲ. ದೇವಸ್ಥಾನದವರು ಪೂಜೆ, ತೇರು ನೋಡಿಕೊಳ್ಳುತ್ತಾರೆ. ಪೊಲೀಸರು ರಸ್ತೆ ಕಾಯುತ್ತಾರೆ. ಬಿಡಾರ ಮಾತ್ರ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ.

ಅದು ಕಟ್ಟಿಕೊಳ್ಳುವ ಬಗೆ ಜಾತ್ರೆಯ ಬಯಲಿನಲ್ಲಿ ಕಾಣುವುದಿಲ್ಲ. ನೋಡಬೇಕಾದರೆ ಊರಿನಲ್ಲೇ, ವಾರ ಮೊದಲೇ ನೋಡಬೇಕು. ಗುಡಿಕಟ್ಟೆಯ ಮೇಲೆ ಹಿರಿಯರು ನಾಲ್ಕು ಮಂದಿ ಕೂತು ಎಷ್ಟು ಬಂಡಿ ಎಂದು ಎಣಿಸುತ್ತಾರೆ. ದಾರಿ ಬಲ್ಲ, ಗದರಿಸದೆ ನಡೆಯುವ ಎತ್ತಿರುವವನ ಬಂಡಿ ಮುಂದೆ. ಹೊಸದಾಗಿ ಪಳಗಿಸಿದ ಹೋರಿಗಳ ಬಂಡಿ ನಡುವೆ, ಹಿಂದೆ ಮುಂದೆ ಹಳಬರ ಕಾವಲಿನಲ್ಲಿ. ಕೊನೆಯ ಬಂಡಿ ಬಹಳ ಮುಖ್ಯ. ಕೊಡಲಿ, ಉಳಿ, ಹಗ್ಗ, ಕೀಲೆಣ್ಣೆ, ಒಂದೆರಡು ಹೆಚ್ಚಿನ ಕಡಾಣಿ ಅದರಲ್ಲಿರಬೇಕು. ಯಾರ ಗಾಲಿ ಕಳಚಿದರೂ ಅದು ಅವರನ್ನು ದಾಟಿ ಹೋಗುವಂತಿಲ್ಲ. ಮುಂದಿನವನಿಗೆ ಮರ್ಯಾದೆ ಹೆಚ್ಚು, ಹಿಂದಿನವನಿಗೆ ಜವಾಬ್ದಾರಿ ಹೆಚ್ಚು.

ಬಂಡಿಯೊಳಗಿನ ಏರ್ಪಾಟು ಹೆಣ್ಣುಮಕ್ಕಳದು. ಕೊಲ್ಲಾರಿ ಬಂಡಿಯ ಬಿದಿರ ಕಮಾನಿನ ಮೇಲೆ ಚಾಪೆ ಹೊದಿಸಿ, ಕೆಳಗೆ ಹುಲ್ಲಿನ ಮೆತ್ತೆ ಹಾಸಿ, ಅದರ ಮೇಲೆ ಕೌದಿ ಹರಡುತ್ತಾರೆ. ಹುಲ್ಲು ಹೋಗುವಾಗ ಹಾಸಿಗೆ, ಬರುವಾಗ ಎತ್ತಿನ ಮೇವು. ಇಂಥ ಜಾಣತನ ಯಾವ ಕಾರ್ಖಾನೆಯ ನಕ್ಷೆಯಲ್ಲೂ ಇರಲಿಕ್ಕಿಲ್ಲ. ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿ, ಬುತ್ತಿಯ ಡಬ್ಬಿ, ಒಂದು ಮೂಟೆ ಮಂಡಕ್ಕಿ. ದಾವಣಗೆರೆ ಸೀಮೆಯವರು ಮಂಡಕ್ಕಿ ಇಲ್ಲದೆ ಊರ ಗಡಿ ದಾಟುವುದುಂಟೇ! ಬಂಡಿಯ ಕೆಳಗೆ ನೀರಿನ ಕೊಡ, ಅದರ ಪಕ್ಕ ಲಾಂದ್ರ. ಮುದುಕರು, ಬಾಣಂತಿಯರು ಒಳಗೆ. ಹುಡುಗರು ನಡೆಯಬೇಕು, ದಣಿದಾಗ ಹಿಂದಿನ ಹಲಗೆಗೆ ಜೋತುಬೀಳಬೇಕು.

ಎತ್ತಿನ ನಡಿಗೆ ಗಂಟೆಗೆ ಮೂರು ಮೂರೂವರೆ ಕಿಲೋಮೀಟರ್. ಬಿಸಿಲೇರಿದ ಮೇಲೆ ಅದೂ ಇಲ್ಲ. ಆದ್ದರಿಂದ ನಸುಕಿನಲ್ಲಿ ಹೂಡಿ, ಬಿಸಿಲಿಗೆ ಬಿಟ್ಟು, ಇಳಿಹೊತ್ತಿಗೆ ಮತ್ತೆ ಹೂಡುವ ಕ್ರಮ. ಹರಿಹರದ ದಕ್ಷಿಣದ ಹಳ್ಳಿಗಳಿಂದ ಮೈಲಾರಕ್ಕೆ ಎರಡು ಮೂರು ದಿನದ ಹಾದಿ. ಹರಿಹರ ಹಾಯ್ದು, ನದಿಯನ್ನು ಎಡಕ್ಕೆ ಇಟ್ಟುಕೊಂಡು ಉತ್ತರಕ್ಕೆ ಸಾಗಿ ಹರಪನಹಳ್ಳಿ ತಾಲ್ಲೂಕಿನ ಊರುಗಳನ್ನು ದಾಟಬೇಕು. ಆ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು, 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರದಲ್ಲಿದೆ. ಬಂಡಿಜಾಡು ಮಾತ್ರ ಇದ್ದಲ್ಲೇ ಇದೆ. ಬಲದಂಡೆಯವರಿಗೆ ಹೊಳೆ ದಾಟುವ ತಾಪತ್ರಯವಿಲ್ಲ. ರಾಣೆಬೆನ್ನೂರು ಕಡೆಯವರು ಹರಿಹರಕ್ಕೆ ಬರಬೇಕಾದರೆ 1868ರಲ್ಲಿ ಕಟ್ಟಿದ ಹದಿನಾಲ್ಕು ಕಮಾನಿನ ಸೇತುವೆಯಿತ್ತು. ಅಷ್ಟು ಸುತ್ತು ಯಾರಿಗೆ ಬೇಕೆಂದು ಎಡದಂಡೆಯ ಜನ ಕೆಳಗಡೆ, ನೀರು ಇಳಿದ ಜಾಗ ನೋಡಿ, ಹೊಳೆಯಲ್ಲೇ ಬಂಡಿ ಇಳಿಸುತ್ತಾರೆ.

ದಾರಿಯಲ್ಲಿ ತಂಗುವ ಜಾಗಗಳು ಹಿಂದಿನಿಂದ ಗೊತ್ತಾದವು. ಒಂದು ಬಾವಿ, ಒಂದು ಹುಣಸೆಯ ತೋಪು, ಕೊಯ್ಲಾದ ಜೋಳದ ಹೊಲ. ಹೊಲದವನಿಗೆ ಬಾಡಿಗೆ ಇಲ್ಲ. ಒಂದು ರಾತ್ರಿ ಹತ್ತು ಹನ್ನೆರಡು ಜೋಡಿ ಎತ್ತು ಕಟ್ಟಿದರೆ ಬೀಳುವ ಸಗಣಿಯೇ ಬಾಡಿಗೆ. ಕುರಿ ತರುಬಿಸಿಕೊಳ್ಳುವ ರೈತ ಕುರಿಗಾರರಿಗೆ ಕಾಳು ಕೊಡುವ ಸೀಮೆಯಿದು. ಇಲ್ಲಿ ಸಗಣಿಯ ಬೆಲೆ ಎಲ್ಲರಿಗೂ ಗೊತ್ತು. ಹೀಗೆ ಬಂದು ಹೋಗುತ್ತಲೇ ಮನೆಗಳ ನಡುವೆ ಬಳಕೆ ಬೆಳೆಯುತ್ತದೆ. ‘ಅಣ್ಣಾರು ಈ ಸರ್ತಿ ಬರ್ಲಿಲ್ವಾ?’ ಎಂದು ಹೊಲದ ಒಡತಿ ಕೇಳುತ್ತಾಳೆ. ಮೊಸರು ತಂದುಕೊಡುತ್ತಾಳೆ. ಬಂಡಿಯವರು ಅಕ್ಕಿ ಅಳೆದು ಕೊಡುತ್ತಾರೆ. ಹೆಣ್ಣು ಗಂಡಿನ ಮಾತೂ ಇಂಥ ತಂಗುದಾಣದಲ್ಲಿ ಶುರುವಾಗುವುದುಂಟು.

ಮೈಲಾರ ಮುಟ್ಟಿದ ಮೇಲೆ ಒಂದೊಂದು ಊರಿನವರೂ ತಮ್ಮ ಹಿರಿಯರು ಬಿಡುತ್ತಿದ್ದ ಜಾಗಕ್ಕೇ ಬಂಡಿ ಹೊಡೆಯುತ್ತಾರೆ. ಗೂಟವಿಲ್ಲ, ನಂಬರಿಲ್ಲ, ಆದರೂ ಜಗಳ ಕಡಿಮೆ. ಒಂದೂರಿನ ಬಂಡಿಗಳು ದುಂಡಗೆ ನಿಂತರೆ ನಡುವೆ ಅಂಗಳವಾಯಿತು. ಮೂಕಿಗಳು ಒಳಮುಖ, ಎತ್ತು ಹೊರಗೆ. ಗಾಳಿ ಬೀಸುವ ದಿಕ್ಕು ನೋಡಿ, ಒಲೆಯ ಕಿಡಿ ಮೇವಿನತ್ತ ಹಾರದಂತೆ ಒಲೆ ಹೂಡುವುದು ಅಜ್ಜಿಯರ ಕೆಲಸ. ಒಣಹುಲ್ಲು ಹೊತ್ತ ಬಂಡಿಗಳ ನಡುವೆ ಬೆಂಕಿ ಎಂದರೆ ಹುಡುಗಾಟವಲ್ಲ. ಸಂಜೆ ಬಿಡಾರಗಳ ನಡುವೆ ಗೊರವರು ಬರುತ್ತಾರೆ. ಕರಿ ಕಂಬಳಿ, ಕರಡಿ ಕೂದಲಿನ ಕುಲಾವಿ, ಕೈಯಲ್ಲಿ ಢಮರುಗ. ಅವರ ದೋಣಿಗೆ ಹಾಲು, ಬಾಳೆಹಣ್ಣು ಹಾಕಿ ಹರಕೆ ತೀರಿಸುತ್ತಾರೆ.

ಇಷ್ಟೆಲ್ಲ ಕಾದು ಕೂರುವುದು ಕಾರಣಿಕಕ್ಕೆ. ಡೆಂಕನಮರಡಿಯಲ್ಲಿ ಉಪವಾಸ ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. ‘ಸದ್ದಲೇ’ ಎನ್ನುತ್ತಾನೆ. ಲಕ್ಷಾಂತರ ಜನ ಒಮ್ಮೆಗೇ ಮೌನವಾಗುತ್ತಾರೆ. ಹಾಗೆ ಮೌನವಾಗುವುದೇ ಒಂದು ಅಚ್ಚರಿ. ಅವನು ನುಡಿಯುವುದು ಒಂದೇ ಸಾಲು. ಮಳೆಬೆಳೆ ಹೇಗೆ, ರಾಜಕೀಯ ಹೇಗೆ ಎಂದು ಅದನ್ನು ಬಿಡಿಸಿ ಹೇಳುವವರು ಮುಂದಿನ ಹುಣ್ಣಿಮೆಯವರೆಗೂ ಹೇಳುತ್ತಲೇ ಇರುತ್ತಾರೆ. ನುಡಿ ಮುಗಿಸಿ ಅವನು ಮೇಲಿನಿಂದ ಬೀಳುತ್ತಾನೆ, ಕೆಳಗೆ ನಿಂತವರು ಹಿಡಿಯುತ್ತಾರೆ.

ಬಿಡಾರಕ್ಕೆ ನಿಜವಾದ ಪರೀಕ್ಷೆ ಅಲ್ಲಿಂದಾಚೆಯದು. ಬರುವಾಗ ದಿನಗಟ್ಟಲೆ, ಒಬ್ಬೊಬ್ಬರಾಗಿ ಬಂದ ಜನ ಹೊರಡುವಾಗ ಒಟ್ಟಿಗೆ ಹೊರಡುತ್ತಾರೆ. ಕಾರಣಿಕ ಕೇಳಿದ ಮೇಲೆ ನಿಲ್ಲುವುದು ಯಾರಿಗೂ ಬೇಡ. ಬಂಡಿಗಳ ಕಾಲದಲ್ಲಿ ಇದಕ್ಕೊಂದು ಉಪಾಯವಿತ್ತು. ಹೆಣ್ಣುಮಕ್ಕಳು, ಮಕ್ಕಳು ಬಿಡಾರದಲ್ಲೇ ಉಳಿದು ಸಾಮಾನು ಕಟ್ಟಿ, ಎತ್ತಿಗೆ ನೀರು ತೋರಿಸಿ ಸಿದ್ಧವಾಗಿರುವುದು. ದೂರದವರು ಮೊದಲು ಹೊರಡುವುದು, ಹತ್ತಿರದವರು ರಾತ್ರಿ ಉಳಿದು ಬೆಳಿಗ್ಗೆ ಹೂಡುವುದು. ಬಂಡಿಗಳು ನಿಧಾನವಾದ್ದರಿಂದ ಸಾಲು ಉದ್ದವಾಗುತ್ತಿತ್ತೇ ಹೊರತು ಗಂಟು ಬೀಳುತ್ತಿರಲಿಲ್ಲ.

ಇಂದಿನ ಸಾಲಿನಲ್ಲಿ ಎತ್ತಿಗಿಂತ ಟ್ರ್ಯಾಕ್ಟರ್ ಹೆಚ್ಚು. ಟ್ರೇಲರಿನ ನಾಲ್ಕು ಮೂಲೆಗೆ ಬಿದಿರು ಬಗ್ಗಿಸಿ ತಾಡಪಾಲು ಕಟ್ಟಿದರೆ ಹಳೆಯ ಕೊಲ್ಲಾರಿಯೇ ನಾಲ್ಕು ಪಟ್ಟು ದೊಡ್ಡದಾದಂತೆ. ಕೌದಿ, ರೊಟ್ಟಿಗಂಟು, ಮಂಡಕ್ಕಿ ಮೂಟೆ ಹಾಗೇ ಇವೆ. ಲಾಂದ್ರದ ಜಾಗದಲ್ಲಿ ಬ್ಯಾಟರಿಯ ದೀಪ, ಒಲೆಗೆ ಬದಲು ಸಿಲಿಂಡರ್. ಎರಡು ಮನೆಯವರು, ಅವರ ಬೀಗರು, ನೆರೆಯವರು ಎಲ್ಲರೂ ಒಂದೇ ಟ್ರೇಲರಿನಲ್ಲಿ. ಮೂರು ದಿನದ ದಾರಿ ಮೂರು ತಾಸಿಗೆ ಇಳಿಯಿತು. ಇದರಲ್ಲಿ ದೂರುವಂಥದ್ದು ಏನೂ ಇಲ್ಲ. ಎತ್ತು ಸಾಕುವ ಖರ್ಚು ಬಲ್ಲವರು ಟ್ರ್ಯಾಕ್ಟರನ್ನು ಬಯ್ಯುವುದಿಲ್ಲ. ಆದರೆ ತಂಗುದಾಣಗಳು ಬರಿದಾದವು. ಹೊಲದವನಿಗೆ ಸಗಣಿಯಿಲ್ಲ, ಬಂಡಿಯವನಿಗೆ ಮೊಸರಿಲ್ಲ, ಬಾವಿಗೆ ಹಗ್ಗ ಇಳಿಸುವವರಿಲ್ಲ. ವಾರ ಮೊದಲು ಗುಡಿಕಟ್ಟೆಯಲ್ಲಿ ಕೂತು ಮುಂದಿನ ಬಂಡಿ, ಹಿಂದಿನ ಬಂಡಿ ಎಂದು ಗೊತ್ತುಮಾಡುವ ಅಗತ್ಯವೂ ತಪ್ಪಿತು. ಬೆಳಿಗ್ಗೆ ಮನಸ್ಸು ಬಂದರೆ ಮಧ್ಯಾಹ್ನಕ್ಕೆ ಮೈಲಾರ. ಎಲ್ಲರಿಗೂ ಹೀಗೇ ಮನಸ್ಸು ಬರುವುದರಿಂದ ಎಲ್ಲರೂ ಒಂದೇ ಹೊತ್ತಿಗೆ ಸೇರುತ್ತಾರೆ, ಒಂದೇ ಹೊತ್ತಿಗೆ ಕಿತ್ತೇಳುತ್ತಾರೆ. ಹಳ್ಳಿಯ ಕಿರಿದಾದ ರಸ್ತೆ ಅದನ್ನು ತಡೆದೀತೇ? ತೆವಳುವ ಎತ್ತುಗಳು ಜನಜಂಗುಳಿಯನ್ನು ಮೂರು ದಿನಕ್ಕೆ ಹಂಚಿಕೊಟ್ಟಿದ್ದವು ಎಂಬುದು ಅವು ಇಲ್ಲವಾದ ಮೇಲೆ ತಿಳಿಯಬೇಕಾಯಿತು.

ಮನೆಯನ್ನು ಗಾಲಿಯ ಮೇಲಿಟ್ಟು ಒಂದೆಡೆ ಸೇರುವ ಹುಚ್ಚು ನಮ್ಮವರಿಗಷ್ಟೇ ಅಲ್ಲ. 1950ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆ ತಯಾರಿಸಲು ತೊಡಗಿದ ದುಂಡು ಮೂತಿಯ ವ್ಯಾನಿಗೆ ಜಗತ್ತಿನಾದ್ಯಂತ ಅಭಿಮಾನಿಗಳ ಸಂಘಗಳಿವೆ. ಬ್ರೆಜಿಲ್‌ನಲ್ಲಿ 2013ರವರೆಗೂ ತಯಾರಾದ ಆ ವ್ಯಾನಿನೊಳಗೆ ಹಾಸಿಗೆ, ಒಲೆ ಜೋಡಿಸಿಕೊಂಡು ಇಂಗ್ಲೆಂಡ್, ಜರ್ಮನಿಗಳ ಬಯಲುಗಳಲ್ಲಿ ಸಾವಿರಗಟ್ಟಲೆ ಮಂದಿ ಸೇರುತ್ತಾರೆ. ತಿಂಗಳುಗಟ್ಟಲೆ ಮೊದಲೇ ಹೆಸರು ನೋಂದಣಿ, ನಂಬರು ಹಾಕಿದ ಜಾಗ, ಶೌಚಾಲಯದ ಲೆಕ್ಕ, ರಾತ್ರಿ ಇಂಥ ಹೊತ್ತಿನ ನಂತರ ಗದ್ದಲ ಕೂಡದೆಂಬ ನಿಯಮ. ಬೆಂಕಿಯ ಭಯಕ್ಕೆ ಎರಡು ಬಿಡಾರಗಳ ನಡುವೆ ಆರು ಮೀಟರ್ ಅಂತರ ಬಿಡಿಸುವುದು ಇಂಗ್ಲೆಂಡಿನ ಪದ್ಧತಿ. ಗಾಳಿಯ ದಿಕ್ಕು ನೋಡಿ ಒಲೆ ಹೂಡುವ ನಮ್ಮ ಅಜ್ಜಿಯ ತಿಳಿವಳಿಕೆಯೇ ಅಲ್ಲಿ ಅಳತೆಪಟ್ಟಿ ಹಿಡಿದು ನಿಂತಿದೆ. ಮೈಲಾರದ ಬಿಡಾರಕ್ಕೆ ಅಳತೆಪಟ್ಟಿ ಬೇಡವೆಂದಲ್ಲ. ಶೌಚಾಲಯದ ವಿಷಯದಲ್ಲಂತೂ ಆ ದೇಶದವರಿಂದ ಕಲಿಯುವುದು ಬೇಕಾದಷ್ಟಿದೆ. ಹೊಳೆದಂಡೆಯಲ್ಲಿ ನಸುಕಿಗೆ ಹೆಣ್ಣುಮಕ್ಕಳು ಪಡುವ ಪಾಡಿಗೆ ಯಾವ ಪುರಾತನ ಪದ್ಧತಿಯೂ ಸಮಾಧಾನ ಹೇಳಲಾರದು.

ನಮ್ಮ ಕಡೆ ವ್ಯಾನೆಂದರೆ ಮ್ಯಾಟಡೋರ್, ಆಮೇಲೆ ಮಾರುತಿಯವರು 1984ರಲ್ಲಿ ಹೊರತಂದು 2019ರವರೆಗೆ ತಯಾರಿಸಿದ, ಓಮ್ನಿ ಎಂದು ಹೆಸರಾದ ಗಾಡಿ. ಮದುವೆ ದಿಬ್ಬಣಕ್ಕೂ ಅದೇ, ಆಸ್ಪತ್ರೆಗೂ ಅದೇ, ಸಂತೆಗೆ ತರಕಾರಿ ಒಯ್ಯಲೂ ಅದೇ. ದುಡಿಯುವ ಗಾಡಿಗೆ ಸಂಘ ಕಟ್ಟಿ ಮೆರೆಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಮೆರವಣಿಗೆಯ ಭಾಗ್ಯವೇನಿದ್ದರೂ ಎತ್ತಿಗೆ: ಕೋಡಿಗೆ ಕೋಡಣಸು, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲು.

ಆ ಎತ್ತುಗಳಿಗೂ ಈಚೆಗೆ ಕಷ್ಟಕಾಲ. 2022ರ ಕೊನೆಯಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ಜಾನುವಾರು ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಒಂದು ವರ್ಷ ಎತ್ತು ಹೂಡದಿದ್ದರೆ ಮರುವರ್ಷ ಬಂಡಿ ರಿಪೇರಿಗೆ ಕೈಹಾಕಲು ಮನಸ್ಸು ಬಾರದು; ಹಳಿ ತುಕ್ಕು ಹಿಡಿಯುತ್ತದೆ, ಗಾಲಿಯ ಅರಗಳು ಒಣಗಿ ಸಡಿಲವಾಗುತ್ತವೆ. ಗಾಲಿ ಕಟ್ಟುವ ಬಡಿಗನ ಮಗ ಬಾಗಿಲು, ಕಿಟಕಿಯ ಕೆಲಸಕ್ಕೆ ದಾವಣಗೆರೆ ಸೇರಿದ್ದರೆ ಆಶ್ಚರ್ಯವೇನು? ಆದರೂ ಶಿವರಾತ್ರಿಯ ಹೊತ್ತಿಗೆ ಮೈಲಾರಕ್ಕೆ ಸಮೀಪದ ಕುರುವತ್ತಿಯ ಬಸವೇಶ್ವರನ ಜಾತ್ರೆಗೆ ಎತ್ತುಗಳನ್ನೇ ಕರೆದೊಯ್ಯಬೇಕೆಂಬ ಹಟದವರು ಇದ್ದಾರೆ. ಬಸವಣ್ಣನ ದರ್ಶನಕ್ಕೆ ಬಸವಣ್ಣನನ್ನು ಮನೆಯಲ್ಲಿ ಬಿಟ್ಟು ಹೋಗುವುದು ಹೇಗೆ ಎಂಬುದು ಅವರ ಪ್ರಶ್ನೆ.

ಎತ್ತು ಬಂದರೂ ಟ್ರ್ಯಾಕ್ಟರ್ ಬಂದರೂ ಬಿಡಾರಕ್ಕೆ ಬೇಕಾದದ್ದು ನೀರು. ಫೆಬ್ರುವರಿಯ ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುವ ಹೊಳೆ. ಜಾತ್ರೆಗೆಂದು ಭದ್ರಾ ಜಲಾಶಯದಿಂದ ನದಿಗೆ ನೀರು ಬಿಡಿಸಿಕೊಳ್ಳುವುದುಂಟು. ಅದೇ ಜಲಾಶಯದ ನೀರು ನಾಲೆಯಲ್ಲಿ ಹರಿದರೆ ಹರಿಹರ ತಾಲ್ಲೂಕಿನ ಭತ್ತಕ್ಕೆ. ಮಳೆ ಕೈಕೊಟ್ಟ ವರ್ಷ ನಾಲೆಯ ಕೊನೆಭಾಗದ ರೈತ ನೀರಿಗಾಗಿ ರಸ್ತೆಗೆ ಇಳಿಯುತ್ತಾನೆ, ಅವನೇ ವಾರ ಬಿಟ್ಟು ಮೈಲಾರದ ಹೊಳೆಯಲ್ಲಿ ಮೀಯಲು ನೀರಿರಲೆಂದು ಬೇಡುತ್ತಾನೆ. ನೀರು ಬಾರದ ವರ್ಷ ಬಂಡಿಯವರು ಹೊಳೆಯ ಮರಳಿನಲ್ಲಿ ವರತೆ ತೋಡುತ್ತಿದ್ದರು. ಮೊಣಕಾಲುದ್ದ ತೋಡಿದರೆ ತಿಳಿನೀರು ಜಿನುಗುತ್ತಿತ್ತು. ಮರಳು ಲಾರಿಗಳಲ್ಲಿ ಪೇಟೆ ಸೇರಿದ ಕಡೆ ಈಗ ಎಷ್ಟು ತೋಡಿದರೂ ಕೆಸರು. ಮರಳು ಉಳಿದಿರುವ ಕಡೆ ಎತ್ತಿಗೆಂದು ಒಂದು ವರತೆ, ಅದರಿಂದ ಹತ್ತು ಮಾರು ಮೇಲಕ್ಕೆ ಕುಡಿಯುವ ಕೊಡಕ್ಕೆಂದು ಇನ್ನೊಂದು. ಮೇಲಿನದನ್ನು ಮೊದಲು ತೋಡಬೇಕು, ರಾತ್ರಿ ಅದರ ಮೇಲೆ ಲಕ್ಕಿಸೊಪ್ಪು ಮುಚ್ಚಬೇಕು.